ಒಂಬತ್ತನೆಯ ಚುಕ್ಕಿ

ಒಂದಾನೊಂದು ಕಾಲದಲ್ಲಿ, ಹಿಂದಕ್ಕೆ ತಿರುಗಿ ಹುಡುಕಬೇಡಿ, ಇಲ್ಲಿಂದ ಮುಂದಕ್ಕೆ ಇಪ್ಪತ್ತು ವರ್ಷ ನಡೆದರೆ ಸಿಗುವ ಕಾಲದಲ್ಲಿ, ಅರಸೀಕೆರೆಯ ರೈಲ್ವೆ ಗೇಟಿನ ಪಕ್ಕದ ಓಣಿಯಲ್ಲಿ ಒಬ್ಬ ಮುದುಕಿಯಿದ್ದಳು. ರಕ್ಕಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿ ಇರುವ ಹಾಗೆ ಅವಳ ಜೀವ ಒಂದು ತಗಡಿನ ಡಬ್ಬಿಯಲ್ಲಿತ್ತು. ಡಬ್ಬಿಯೊಳಗೆ ಮೂರು ಸೂಜಿ. ಮೂರನ್ನೂ ಸೇರಿಸಿ ನೂಲು ಸುತ್ತಿ ಒಂದೇ ಮಾಡಿದ್ದು. ಮುದುಕಿಯ ಹೆಸರು ಈರಕ್ಕ. ಊರಿನವರ ಬಾಯಲ್ಲಿ ಹಚ್ಚೆ ಈರಕ್ಕ.

ಮೊಮ್ಮಗಳು ನೀಲಾವತಿ ತಾಯಿಯಿಲ್ಲದ ಕೂಸು. ಅವಳಿಗೆ ಅನ್ನದ ಜೊತೆ ಕತೆ ಕಲಸಿ ತಿನ್ನಿಸಿದವಳು ಈರಕ್ಕ. ಅಷ್ಟು ಕತೆಗಳಲ್ಲಿ ನೀಲುವಿಗೆ ಬಲು ಇಷ್ಟವಾದದ್ದು ರಾಜಕುಮಾರಿಯರದ್ದಲ್ಲ, ಅಜ್ಜಿಯ ಸ್ವಂತದ್ದು. ಪ್ಯಾಸೆಂಜರ್ ರೈಲು ಹತ್ತಿ ಈ ಕಡೆ ತಿಪಟೂರು, ಆ ಕಡೆ ಬಾಣಾವರ, ಕಡೂರು, ಬೀರೂರು ಎಂದು ಸ್ಟೇಷನ್ ಸ್ಟೇಷನ್ನಿನಲ್ಲಿ ಇಳಿದು, ಕೇರಿ ಹೊಕ್ಕು, ಹೆಣ್ಣುಮಕ್ಕಳ ಮುಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಹಚ್ಚೆ ಹಾಕಿದ ಕತೆ. ದೀಪದ ಮಸಿಗೆ ಸೊಪ್ಪಿನ ರಸ ಬೆರೆಸಿ, ಸೂಜಿ ಅದ್ದಿ, ಚುಚ್ಚಿ ಚುಚ್ಚಿ ಒಂದು ತೊಟ್ಟಿಲು ಬರೆಯುತ್ತಿದ್ದಳು. ತೊಟ್ಟಿಲಿನ ಸುತ್ತ ಒಂಬತ್ತು ಚುಕ್ಕಿ. ಆದರೆ ಯಾರ ಕೈಮೇಲೂ ಅವಳು ಒಂಬತ್ತು ಹಾಕಿದವಳಲ್ಲ. ಎಂಟಾಗುವಷ್ಟರಲ್ಲಿ ಹುಡುಗಿ ಅತ್ತು ಅತ್ತು ಸುಸ್ತಾಗಿರುತ್ತಿದ್ದಳು. ಆಗ ಈರಕ್ಕ ಸೂಜಿ ಒರೆಸಿ, "ಇನ್ನೊಂದು ಬಾಕಿ ಇರ್ಲಿ ಮಗಾ, ಮುಂದಿನ ಸಲ ಬಂದಾಗ ಹಾಕ್ತೀನಿ" ಎಂದುಬಿಡುತ್ತಿದ್ದಳು. ಹುಡುಗಿಯ ಮುಖ ಅರಳುತ್ತಿತ್ತು. ಮರುವರ್ಷ ಆ ಮನೆಯಲ್ಲಿ ಈರಕ್ಕನಿಗೆ ಒಂದು ಊಟವೂ ಗಟ್ಟಿಯಾಗುತ್ತಿತ್ತು. ಮರುವರ್ಷ ಹೋದರೆ ಹುಡುಗಿ ಅಟ್ಟ ಹತ್ತಿ ಅಡಗಿರುತ್ತಿದ್ದಳು, ಇಲ್ಲವೇ ಮದುವೆಯಾಗಿ ಹೊರಟುಹೋಗಿರುತ್ತಿದ್ದಳು.

ಇನ್ನೊಂದು ವಿದ್ಯೆಯೂ ಅವಳಿಗಿತ್ತು. ನೋವು ಮರೆಸಲು ಹಾಡುತ್ತಿದ್ದಳು, ಹಾಡಿನೊಳಗೆ ಆ ಹುಡುಗಿಯ ಹೆಸರನ್ನೇ ಸೇರಿಸಿಬಿಡುತ್ತಿದ್ದಳು. ಸೇರಿಸಿದ ಹೆಸರು ಮತ್ತೆ ತೆಗೆಯುವಂತಿಲ್ಲ. ಹೀಗೆ ಹಾಡು ರೈಲುಹಳಿಯಂತೆ ಸ್ಟೇಷನ್ನಿಂದ ಸ್ಟೇಷನ್ನಿಗೆ ಉದ್ದವಾಗುತ್ತ ಹೋಗಿತ್ತು. ಓದು ಬರಹ ಬಾರದ ಈರಕ್ಕ ಅದನ್ನು ಮೊದಲಿಂದ ಕೊನೆವರೆಗೆ, ತಿಪಟೂರಿನ ಗಂಗೂವಿನಿಂದ ಬೀರೂರಿನ ಚಂದ್ರಿಯವರೆಗೆ, ಒಂದಕ್ಷರ ತಪ್ಪದೆ ಹೇಳಬಲ್ಲವಳಾಗಿದ್ದಳು.

ನೀಲಾವತಿ ದೊಡ್ಡವಳಾಗಿ ಓದಿ, ಹಾಸನದ ಹೊರಗೆ ಹೊಸದಾಗಿ ತೆರೆದ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದಳು. ಲಿವರ್ ಲ್ಯಾಬ್ ಎಂದು ಜನ ಕರೆಯುತ್ತಿದ್ದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವಳು. ಅಲ್ಲಿ ಡಾಕ್ಟರ್ ಸಫಿಯಾ ಎಂಬವರು ಒಂದು ಶಾಯಿ ಮಾಡಿದ್ದರು. ಅಜ್ಜಿಗೆ ಅದನ್ನು ವಿವರಿಸುವಾಗ ನೀಲು ಹೇಳಿದ್ದು ಹೀಗೆ: ಶಾಯಿಯ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಪುಟ್ಟ ಡಬ್ಬಿ. ಡಬ್ಬಿಗೆ ಬೀಗ. ಹೆಪಟೈಟಿಸ್ ಸಿ ಎಂಬ ವೈರಸ್ಸಿನ ಒಂದು ಪ್ರೋಟೀನೇ ಆ ಬೀಗದ ಕೈ. ಮೈಯೊಳಗೆ ಆ ವೈರಸ್ ಇದ್ದರೆ ಬೀಗ ತಾನಾಗಿ ತೆರೆದುಕೊಂಡು ಒಳಗಿನ ಕೆಂಪು ಬಣ್ಣ ಹೊರಬರುತ್ತದೆ. ಚರ್ಮದ ಕೆಳಗೆ ಒಂದು ಚುಕ್ಕಿ ಇಟ್ಟರೆ ಸಾಕು, ಒಂಬತ್ತು ದಿನದೊಳಗೆ ಗೊತ್ತಾಗುತ್ತದೆ. ಆ ರೋಗ ಲಿವರಿನೊಳಗೆ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತಿರುತ್ತದೆ, ಹೊಟ್ಟೆ ಊದಿಕೊಂಡಾಗ ಹೊತ್ತು ಮೀರಿರುತ್ತದೆ. ಮೊದಲೇ ಗೊತ್ತಾದರೆ ಮೂರು ತಿಂಗಳ ಮಾತ್ರೆಯಲ್ಲಿ ವಾಸಿ.

ಇಷ್ಟೆಲ್ಲ ಇದ್ದೂ ಜನವೇ ಬರುತ್ತಿರಲಿಲ್ಲ. ಪೋಸ್ಟರಿನಲ್ಲಿ 'ಅಪಾಯದ ಗುಂಪಿನವರು ತಪ್ಪದೆ ಪರೀಕ್ಷಿಸಿಕೊಳ್ಳಿ' ಎಂದು ಬರೆದಿತ್ತು. ಓದಿದವರು ನಾವು ಯಾವ ಗುಂಪಿಗೂ ಸೇರಿಲ್ಲ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಬಂದ ಕೆಲವರಿಗೆ ಚುಕ್ಕಿ ಕೆಂಪಾದರೆ ಮರುದಿನದಿಂದ ತುಂಬುತೋಳಿನ ರವಿಕೆ. ಮತ್ತೆ ಅವರ ಪತ್ತೆಯಿಲ್ಲ.

ತಿಪಟೂರಿನಲ್ಲಿ ಲ್ಯಾಬಿನವರು ನಡೆಸಿದ ಶಿಬಿರದಲ್ಲಿ ಒಂದು ಮಧ್ಯಾಹ್ನ ನೀಲು ಮೇಜಿನ ಮುಂದೆ ಕೂತಿದ್ದಾಗ ಅರವತ್ತರ ಹೆಂಗಸೊಬ್ಬಳು ಪರೀಕ್ಷೆಗೆ ಕೈ ಚಾಚಿದಳು. ಅವಳ ಫಾರಂ ತುಂಬಿ ಬಂದಿತ್ತು. 'ಟ್ಯಾಟೂ ಇದೆಯೇ?' ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದಿತ್ತು. ಚಾಚಿದ ಮುಂಗೈಯ ಮೇಲೆ ಹಸುರು ತೊಟ್ಟಿಲೊಂದು ತೂಗುತ್ತಿತ್ತು.

ಇದೇನಮ್ಮಾ ಎಂದು ನೀಲು ಕೇಳಿದಳು.

"ಇದಾ? ಇದು ಹಚ್ಚೆ ಕಣವ್ವ. ನೀವು ಕೇಳಿದ್ದು ಟ್ಯಾಟು ಅಲ್ವ? ಅದೆಲ್ಲ ಈಗಿನ ಹುಡುಗ್ರು ಕತ್ತಿನ ಮ್ಯಾಲೆ ಹುಲಿ ಹಾಕಿಸ್ಕೊತಾವಲ್ಲ, ಅದು. ನಮ್ಮಂತೋರ್ಗೆ ಯಾಕೆ."

ನೀಲುವಿಗೆ ನಗು ಬಂತು. ನಗುತ್ತಲೇ ಚುಕ್ಕಿಗಳನ್ನು ಎಣಿಸಿದಳು. ಎಂಟು. ನಗು ಅಲ್ಲೇ ನಿಂತಿತು.

ಆ ಸಂಜೆ ಅವಳು ಹಳೆಯ ಫಾರಂಗಳನ್ನೂ ತೋಳಿನ ಚಿತ್ರಗಳನ್ನೂ ತೆಗೆದು ಕೂತಳು. ವೈರಸ್ ಇದೆಯೆಂದು ಖಚಿತವಾದ ಹೆಂಗಸರಲ್ಲಿ ಹನ್ನೊಂದು ಜನರ ಕೈಯಲ್ಲಿ ತೊಟ್ಟಿಲಿತ್ತು. ಹನ್ನೊಂದರಲ್ಲೂ ಒಂಬತ್ತನೆಯ ಚುಕ್ಕಿಯ ಜಾಗ ಖಾಲಿ. ಹನ್ನೊಂದು ಫಾರಂಗಳಲ್ಲೂ ಟ್ಯಾಟೂ 'ಇಲ್ಲ'. ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಿದ ಪದವೇ ತಪ್ಪಾಗಿತ್ತು.

ಮನೆಗೆ ಬಂದವಳು ಅದನ್ನು ಅಜ್ಜಿಗೆ ಹೇಳದೆ ಉಂಡು ಮಲಗಿದಳು. ಎರಡು ದಿನ ಹಾಗೇ ಕಳೆದವು. ಮೂರನೆಯ ದಿನ ಈರಕ್ಕ ಅವರೆಕಾಳು ಹಿತುಕುತ್ತ, ಮುಖ ಹಿಂಗ್ಯಾಕಿಟ್ಕಂಡಿದೀಯ, ಯಾವನಾದ್ರೂ ಕೈ ಕೊಟ್ನಾ ಎಂದು ಕಿಚಾಯಿಸಿದಳು. ನೀಲು ಅಜ್ಜಿಯ ಪಕ್ಕ ಕೂತು ತಾನೂ ಎರಡು ಕಾಳು ಹಿತುಕಿ, ಎಲ್ಲ ಹೇಳಿದಳು. ಒಬ್ಬರ ರಕ್ತದ ಹನಿ ಸೂಜಿಗೆ ಅಂಟಿ ಇನ್ನೊಬ್ಬರ ಮೈಗೆ ಹೋಗಿರಬಹುದು, ಒರೆಸಿದರೆ ಅದು ಹೋಗುವುದಿಲ್ಲ, ಆ ಕಾಲಕ್ಕೆ ಯಾರಿಗೂ ಇದು ತಿಳಿದಿರಲಿಲ್ಲ ಎಂದಳು. ಕೊನೆಯದನ್ನು ಮೂರು ಸಲ ಹೇಳಿದಳು.

ಈರಕ್ಕ ಮೊರದ ಮೇಲಿನ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದಳು. ಹೆಸರೇನು ಅವರದು ಎಂದು ಕೇಳಿದಳು. ನೀಲು ಒಂದೊಂದೇ ಹೆಸರು ಹೇಳಿದಂತೆ ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು. ಅವಳು ಹಾಡಿನಲ್ಲಿ ಅವರನ್ನು ಹುಡುಕುತ್ತಿದ್ದಳು. ಹನ್ನೊಂದು ಜನವೂ ಸಿಕ್ಕರು.

ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸೀರೆ ಬದಲಿಸಿ, ತಗಡಿನ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ, ನೀಲುವಿಗಿಂತ ಮೊದಲು ಸ್ಟೇಷನ್ನಿನಲ್ಲಿ ಕೂತಿದ್ದಳು.

"ನಿಮ್ ಡಾಕ್ಟ್ರಮ್ಮನ್ನ ನೋಡ್ಬೇಕು. ಒಂದು ಚುಕ್ಕಿ ಬಾಕಿ ಐತೆ ಅಂತ ಎಲ್ರಿಗೂ ಮಾತು ಕೊಟ್ಟಿವ್ನಿ. ಎಂಬತ್ತೆರಡಾಯ್ತು ನಂಗೆ. ಇನ್ಯಾವಾಗ ತೀರ್ಸೋದು?"

ಲ್ಯಾಬಿನಲ್ಲಿ ಈರಕ್ಕನಿಗೆ ನೀಲಿ ಟೋಪಿ ಹಾಕಿಸಿದರು. ಕನ್ನಡಿ ನೋಡಿಕೊಂಡು, ಮದುವೆ ಮನೆ ಅಡುಗೆಯವಳ ಹಾಗೆ ಕಾಣ್ತೀನಿ ಎಂದಳು. ಡಾಕ್ಟರ್ ಸಫಿಯಾ ಅವಳನ್ನು ಯಂತ್ರಗಳ ಮುಂದೆಲ್ಲ ಕೈಹಿಡಿದು ನಡೆಸಿದರು. ಕಡೆಗೆ ಸೂಕ್ಷ್ಮದರ್ಶಕದ ಪರದೆಯ ಮೇಲೆ ಶಾಯಿಯ ಕಣ ಒಡೆದು ಕೆಂಪಾಗುವುದನ್ನು ತೋರಿಸಿದರು. ಎಲ್ಲರೂ ಮೆಚ್ಚುವ ದೃಶ್ಯ ಅದು. ಈರಕ್ಕ ಮಾತ್ರ ಬೇಡವೆಂಬಂತೆ ತಲೆಯಾಡಿಸಿದಳು.

"ಕೆಂಪು ಬ್ಯಾಡ ಡಾಕ್ಟ್ರಮ್ಮ. ಹೆಂಗಸು ನೀರು ಸೇದ್ಬೇಕು, ಬಸ್ಸಲ್ಲಿ ಕಂಬಿ ಹಿಡೀಬೇಕು, ನಾಕು ಜನಕ್ಕೆ ಬಡಿಸ್ಬೇಕು. ಕೈ ಮ್ಯಾಲೆ ಕೆಂಪು ಚುಕ್ಕಿ ಇಟ್ಕಂಡು ಯಾರ ಮುಂದೆ ಕೈ ಚಾಚ್ತಾಳೆ?"

ಮತ್ತೆ ಯಾವ ಬಣ್ಣ ಬೇಕಮ್ಮ ಎಂದು ಡಾಕ್ಟರ್ ಕೇಳಿದರು. ಯಾವ ಬಣ್ಣವೂ ಬೇಡ ಎಂದಳು ಈರಕ್ಕ. ರೋಗ ಇಲ್ಲದಿದ್ದರೆ ಚುಕ್ಕಿ ಮಿಕ್ಕ ಎಂಟರ ಹಾಗೆ ಹಸುರಾಗಿ ನಿಲ್ಲಲಿ. ರೋಗ ಇದ್ದರೆ ಅಳಿಸಿಹೋಗಲಿ. ಅಳಿಸಿಹೋದರೆ ನೋಡುವವರಿಗೆ ಏನು ಕಂಡೀತು? ನಲವತ್ತು ವರ್ಷದಿಂದ ಇದ್ದ ಖಾಲಿ ಜಾಗವೇ. ಅವಳಿಗೆ ಗೊತ್ತು, ನನಗೆ ಗೊತ್ತು, ನಿಮಗೆ ಗೊತ್ತು. ಊರಿಗೆ ಯಾಕೆ ಗೊತ್ತಾಗಬೇಕು? ಗುಣವಾದ ಮೇಲೆ ಮತ್ತೆ ಹಾಕಿದರಾಯಿತು, ಆಗ ಹಿಡಿಯುತ್ತದೆ.

ಡಾಕ್ಟರ್ ಸಫಿಯಾ ಮೇಜಿನ ಅಂಚಿಗೆ ಒರಗಿ ನಿಂತುಬಿಟ್ಟರು. ಬಣ್ಣ ತೋರಿಸುವ ಕಣ ಮಾಡಲು ಅವರಿಗೆ ಆರು ವರ್ಷ ಹಿಡಿದಿತ್ತು. ಬೀಗ ತೆರೆದೊಡನೆ ಒಳಗಿನ ಹಸುರು ಮೈಯ ನೀರಿನಲ್ಲಿ ಕರಗಿಹೋಗುವ ಕಣ ಅದಕ್ಕಿಂತ ಸುಲಭ. ಸರಿಯಾಗಿ ಚುಚ್ಚದ ಚುಕ್ಕಿಯೂ ಅಳಿಸಬಹುದಲ್ಲ ಎಂದು ನೀಲು ಅನುಮಾನ ತೆಗೆದಳು. ಅಳಿಸಿದವರೆಲ್ಲರ ರಕ್ತ ಮತ್ತೊಮ್ಮೆ ನೋಡಿಯೇ ಮಾತ್ರೆ ಕೊಡುತ್ತೇವೆ, ತಪ್ಪಾದರೆ ಅಲ್ಲಿ ಸಿಕ್ಕಿಬೀಳುತ್ತದೆ ಎಂದರು ಡಾಕ್ಟರ್. ಈರಕ್ಕ ಮೊಮ್ಮಗಳನ್ನು ಕೆಕ್ಕರಿಸಿ ನೋಡಿದಳು. ತನ್ನ ಕೈಯ ಚುಕ್ಕಿ ಸರಿಯಾಗಿ ಕೂರದೇ ಇರುವುದುಂಟೇ ಎಂಬುದು ಆ ನೋಟದ ಅರ್ಥ.

ಹೊಸ ಶಾಯಿ ಪರೀಕ್ಷೆಗಳನ್ನೆಲ್ಲ ದಾಟಿ ಅನುಮತಿ ಸಿಗಲು ಒಂದು ವರ್ಷವಾಯಿತು. ಅಷ್ಟರಲ್ಲಿ ಈರಕ್ಕ ಹೊಸ ಪಾಠ ಕಲಿತಳು: ಕೈಗವಸು, ಒಂದು ಕೈಗೆ ಒಂದೇ ಸೂಜಿ, ಆದ ತಕ್ಷಣ ಮುಚ್ಚಳದ ಬಿಳಿ ಡಬ್ಬಕ್ಕೆ. ಫಾರಂನಲ್ಲಿ 'ಹಚ್ಚೆ' ಎಂಬ ಪದ ಸೇರಿತು. ಮೊದಲ ಚುಕ್ಕಿಯನ್ನು ಅವಳು ತನ್ನ ಕೈಗೇ ಹಾಕಿಕೊಂಡಳು. ಅದೇ ಹಳೆಯ ಸೂಜಿ ತನ್ನ ಬೆರಳಿಗೂ ಎಷ್ಟೋ ಸಲ ಚುಚ್ಚಿದ್ದರಿಂದ ತನ್ನದು ಖಂಡಿತ ಅಳಿಸುತ್ತದೆ ಎಂದು ನಂಬಿ ಕೂತಿದ್ದಳು. ಒಂಬತ್ತನೆಯ ದಿನ ನೋಡಿದರೆ ಚುಕ್ಕಿ ಹಸುರಾಗಿ ನಗುತ್ತಿತ್ತು. ನೀಲು ಅಜ್ಜಿಯನ್ನು ತಬ್ಬಿಕೊಂಡಳು. ಈರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನೊಬ್ಳನ್ನ ಬಿಟ್ಬಿಡ್ತಲ್ಲ ಮಗಾ" ಎಂದಳು. ಅದು ಸಂತೋಷದ ದನಿಯಾಗಿರಲಿಲ್ಲ.

ಇಬ್ಬರೂ ಹಾಡು ಹಿಡಿದು ಹೊರಟರು. ಈರಕ್ಕ ರೈಲಿನ ಕಿಟಕಿಯ ಪಕ್ಕ ಕೂತು ಹಾಡುವಳು, ನೀಲು ಹೆಸರು ಬರೆದುಕೊಳ್ಳುವಳು. ಇನ್ನೂರ ಹದಿನಾಲ್ಕು ಹೆಸರು. ಸತ್ತವರನ್ನು ಬಿಟ್ಟು, ದೂರದೂರಿಗೆ ಹೋದವರನ್ನು ಮಕ್ಕಳು ಮೊಮ್ಮಕ್ಕಳ ಮೂಲಕ ಹುಡುಕಿಸಿ, ನೂರ ಅರವತ್ತಮೂರು ಕೈ ಸಿಕ್ಕವು. ಪೋಸ್ಟರಿಗೆ ಬಗ್ಗದವರು ಈರಕ್ಕನ ಹೆಸರಿಗೆ ಬಾಗಿಲು ತೆಗೆದರು. ಬಾಣಾವರದ ಒಬ್ಬ ಮುತ್ತಜ್ಜಿ ಈ ವಯಸ್ಸಿನಲ್ಲೂ ಹಿತ್ತಿಲಿಗೆ ಓಡಿ ಅಡಗಿದಳು. ಇನ್ನೊಬ್ಬಳು, ಅಂತೂ ನೆನಪಾಯ್ತಾ ನಿಂಗೆ, ಆ ಖಾಲಿ ಜಾಗ ನೋಡಿ ನೋಡಿ ನಮ್ಮ ಅತ್ತೆ ಮೂವತ್ತು ವರ್ಷ ಆಡಿಕೊಂಡರು ಎಂದು ಜಗಳಕ್ಕೇ ಬಂದಳು.

ಆದರೆ ಈರಕ್ಕ ಒಂದು ಹಟ ಹಿಡಿದಿದ್ದಳು. ಚುಚ್ಚುವ ಮೊದಲು ನಿಜ ಹೇಳಬೇಕು. ಬೇಡ ಅಜ್ಜಿ, ಅಷ್ಟು ಹೇಳಿದರೆ ಯಾರೂ ಕೈ ಕೊಡುವುದಿಲ್ಲ, ಪರೀಕ್ಷೆಯೇ ಕೆಟ್ಟುಹೋಗುತ್ತದೆ ಎಂದು ನೀಲು ಗೋಗರೆದಳು. ಕೊಡದಿದ್ದರೆ ಕೊಡದಿರಲಿ, ಗೊತ್ತಿಲ್ಲದೆ ಒಂದು ಸಲ ಚುಚ್ಚಿದ್ದಾಯಿತು, ಗೊತ್ತಿದ್ದೂ ಬಚ್ಚಿಟ್ಟು ಇನ್ನೊಂದು ಸಲ ಚುಚ್ಚಲಾರೆ ಎಂದಳು. ಪ್ರತಿ ಮನೆಯಲ್ಲೂ ಅದೇ ಮಾತು: ನಿನಗೆ ಕಾಯಿಲೆ ಇದ್ದರೆ ಅದು ನನ್ನ ಸೂಜಿಯಿಂದ ಬಂದಿರಬಹುದು ಕಣವ್ವ. ಒಬ್ಬಳ ಮಗ ಬೈದ. ಬಹಳ ಜನ, ಆಗ ಆಸ್ಪತ್ರೆಯವರೂ ಒಂದೇ ಸೂಜಿ ಕುದಿಸಿ ಕುದಿಸಿ ಚುಚ್ಚುತ್ತಿದ್ದರಲ್ಲ, ನೀನೊಬ್ಬಳೇನು ಎಂದು ಕೈ ಚಾಚಿದರು. ನೀಲು ಹೆದರಿದಂತೆ ಹಾಡು ತುಂಡಾಗಲಿಲ್ಲ.

ತುಂಡಾದದ್ದು ಕಡೂರಿನಲ್ಲಿ.

ಹಾಡಿನ ಆ ಸಾಲಿನಲ್ಲಿ ಅಕ್ಕತಂಗಿಯರಿಬ್ಬರಿದ್ದರು, ಗೌರವ್ವ ಮತ್ತು ಸಾವಂತ್ರಿ. ಗೌರವ್ವ ನಲವತ್ತೊಂದಕ್ಕೇ ಹೊಟ್ಟೆ ಊದಿಕೊಂಡು ತೀರಿಹೋಗಿದ್ದಳು. ಸಾವಂತ್ರಿಗೆ ಈಗ ಐವತ್ತನಾಲ್ಕು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಬಂದವರನ್ನು ಕೂರಿಸಿ ಕಾಫಿ ಕೊಟ್ಟು, ಲೋಟ ತೆಗೆದುಕೊಳ್ಳುವ ಮೊದಲೇ, ಒಂದೇ ಸೂಜಿಯಲ್ಲಿ ಅಕ್ಕತಂಗಿಯರಿಬ್ಬರಿಗೂ ಹಾಕಿದ್ದನ್ನು ಈರಕ್ಕನ ಬಾಯಿಂದ ಕೇಳಿದಳು. ಕೇಳಿ ಮುಗಿದ ಮೇಲೆ ಮುಖ ಬೂದಿಯಾಯಿತು. ಹೋಗಿ ಎಂದಳು. ಅವರು ಹೊಸಿಲು ದಾಟಿದ್ದೇ ತಡ ಬಾಗಿಲು ಹಾಕಿಕೊಂಡಳು.

ಎರಡು ಸಲ ಹೋದರೂ ಬಾಗಿಲು ತೆರೆಯಲಿಲ್ಲ. ಅಕ್ಕನನ್ನು ಕಳಕೊಂಡ ಸಿಟ್ಟು, ಇರಲಿ ಬಿಡು ಅಜ್ಜಿ, ಆಸ್ಪತ್ರೆಯಿಂದ ಯಾರನ್ನಾದರೂ ಕಳಿಸೋಣ ಎಂದಳು ನೀಲು. ಈರಕ್ಕ ಒಪ್ಪಲಿಲ್ಲ. ಸಿಟ್ಟಾದವಳು ಬೈಯುತ್ತಾಳೆ, ಇವಳು ಬೈಯಲಿಲ್ಲವಲ್ಲ ಎಂದಳು. ಉಳಿದ ನೂರ ಅರವತ್ತೆರಡು ಕೈ ಮುಗಿದವು. ಇಪ್ಪತ್ತೊಂಬತ್ತರಲ್ಲಿ ಚುಕ್ಕಿ ಅಳಿಸಿತು. ಆ ಇಪ್ಪತ್ತೊಂಬತ್ತು ಜನ ಯಾರ ಕಣ್ಣಿಗೂ ಬೀಳದೆ, ಎಂದಿನ ರವಿಕೆಯಲ್ಲೇ ಬಂದು ಮಾತ್ರೆ ಒಯ್ದರು. ಸಾವಂತ್ರಿಯ ಕೈ ಮಾತ್ರ ಉಳಿಯಿತು. ಅವಳ ಲಿವರಿನಲ್ಲಿ ಏನಿದೆಯೋ, ಎಷ್ಟು ವರ್ಷದಿಂದ ಇದೆಯೋ ಯಾರಿಗೆ ಗೊತ್ತು. ರೈಲು ಕಡೂರು ದಾಟುವಾಗಲೆಲ್ಲ ಈರಕ್ಕ ಕಿಟಕಿಯಿಂದ ಮುಖ ತಿರುಗಿಸುತ್ತಿದ್ದಳು.

ಮೂರನೆಯ ಸಲ ಹೋದಾಗ ಈರಕ್ಕ ಬಾಗಿಲು ಬಡಿಯಲಿಲ್ಲ. ಜಗಲಿಯ ಮೇಲೆ ಕೂತು, ಏನೂ ಕೇಳಲ್ಲ, ಒಂದು ಮಾತು ಹೇಳವ್ವ ಸಾಕು, ಯಾಕೆ ಬ್ಯಾಡ ಅಂತ ಎಂದಳು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಆಮೇಲೆ ಬಾಗಿಲ ಆ ಬದಿಯಲ್ಲಿ, ತೀರ ಹತ್ತಿರದಲ್ಲಿ, ದನಿ ಬಂತು.

"ಆ ವರ್ಷ ನಂಗೆ ಕಾಮಾಲೆ ಆಗಿತ್ತು. ಕಣ್ಣೆಲ್ಲ ಹಳದಿ. ಅಕ್ಕಂಗೇನೂ ಇರ್ಲಿಲ್ಲ, ಕಲ್ಲಿನಂಗಿದ್ಲು. ಅವತ್ತು ಒಂದೇ ಸೂಜೀಲಿ ಇಬ್ರಿಗೂ ಹಾಕ್ದೆ ಅಂದ್ಯಲ್ಲ ಈರಕ್ಕ. ಯಾರಿಗೆ ಮೊದ್ಲು ಹಾಕ್ದೆ?"

ನೀಲು ಸಿಟ್ಟು ಎಂದು ತಿಳಿದದ್ದು ಸಿಟ್ಟಾಗಿರಲಿಲ್ಲ. ತಾನೇ ಅಕ್ಕನ ಸಾವಿಗೆ ಕಾರಣಳಾದೆನೋ ಎಂಬ ಭಯವನ್ನು ಅವಳು ಬಾಗಿಲ ಹಿಂದೆ ಹಿಡಿದುಕೊಂಡು ಕೂತಿದ್ದಳು. ಮಗುವಿಗೆ ಬರುವ ಕಾಮಾಲೆ ಸಾಮಾನ್ಯವಾಗಿ ನೀರಿನಿಂದ ಬರುವ ಬೇರೆಯದೇ ಕಾಮಾಲೆ, ಇದಲ್ಲ ಎಂದು ವಿವರಿಸಲು ನೀಲು ಬಾಯಿ ತೆರೆದಳು. ಈರಕ್ಕ ಅವಳ ಮೊಣಕೈ ಒತ್ತಿ ಸುಮ್ಮನಾಗಿಸಿದಳು. ಗಂಟಲು ಸರಿಮಾಡಿಕೊಂಡು, ತಿಪಟೂರಿನಿಂದ ಹೊರಟು ಹಾಡಿದಳು. ನಡುವೆ ನಿಲ್ಲಿಸಿ ಕಡೂರಿಗೆ ಹಾರಲು ಅವಳಿಗೆ ಬರುತ್ತಿರಲಿಲ್ಲ. ಹಾಡು ರೈಲಿನ ಹಾಗೆ, ಎಲ್ಲ ಸ್ಟೇಷನ್ನನ್ನೂ ಮುಟ್ಟಿಯೇ ಬರಬೇಕು. ಗಂಗೂ ಬಂದಳು, ಪುಟ್ಟಿ ಬಂದಳು, ಬಾಣಾವರದ ನಿಂಗಿ, ಮಾದಿ, ಜಯಮ್ಮ ಬಂದರು. ಕಡೆಗೆ,

*ಕಡೂರ ಕಲ್ಲಟ್ಟಿ ಗೌರವ್ವ ಮುಂದೆ*
*ಕಣಜದ ಮರೆಯೋಳು ಸಾವಂತ್ರಿ ಹಿಂದೆ*

ಎಂದು ನಿಲ್ಲಿಸಿದಳು.

"ನೀನು ಹೆದ್ರಿ ಕಣಜದ ಸಂದೀಲಿ ಅಡ್ಗಿದ್ದೆ. ಎಳೆದ್ರೂ ಬರ್ಲಿಲ್ಲ. ನೋಡು ನಂಗೇನೂ ಆಗಲ್ಲ ಅಂತ ನಿಮ್ಮಕ್ಕ ಮೊದ್ಲು ಕೈ ಕೊಟ್ಲು. ನೀನು ಆಮ್ಯಾಕೆ. ಈ ಸಾಲು ತಿರುಗ್ಸಿ ಹೇಳಾಕೆ ನಂಗೆ ಬರಾಕಿಲ್ಲ ಕಣವ್ವ, ಪ್ರಾಸ ಕೂರಲ್ಲ."

ಚಿಲಕ ತೆಗೆದ ಸದ್ದಾಯಿತು. ಸಾವಂತ್ರಿ ಹೊಸಿಲಲ್ಲೇ ಕುಸಿದು ಈರಕ್ಕನ ಮಡಿಲಲ್ಲಿ ತಲೆಯಿಟ್ಟಳು. ಒಂಬತ್ತು ವರ್ಷದ ಹುಡುಗಿ ಅತ್ತಂತೆ ಅತ್ತಳು. ಅವಳಿಂದ ಅಕ್ಕನಿಗೆ ಹೋಗಿಲ್ಲ. ಆದರೆ ಅಕ್ಕನ ಕೈಗೆ ತಾಗಿದ ಸೂಜಿಯೇ ಅವಳ ಕೈಗೂ ತಾಗಿತ್ತು. ಅಳು ಇಳಿದ ಮೇಲೆ ಅದನ್ನೂ ಈರಕ್ಕ ಹೇಳಿದಳು. ಸಾವಂತ್ರಿ ಮುಖ ಒರೆಸಿಕೊಂಡು ಮುಂಗೈ ಚಾಚಿದಳು.

ಆರನೆಯ ದಿನಕ್ಕೆ ಚುಕ್ಕಿ ಮಾಯವಾಯಿತು. ರಕ್ತ ಪರೀಕ್ಷೆಯೂ ಹೌದೆಂದಿತು. ಲಿವರ್ ಗಟ್ಟಿಯಾಗಲು ಆಗಷ್ಟೇ ಶುರುವಾಗಿದೆ, ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್ ಸಫಿಯಾ. ಮೂರು ತಿಂಗಳು ಮಾತ್ರೆ, ಮತ್ತೆ ಮೂರು ತಿಂಗಳು ಕಾಯುವುದು. ಆ ಆರು ತಿಂಗಳಲ್ಲಿ ಈರಕ್ಕ ವಾರಕ್ಕೊಮ್ಮೆ ಕಡೂರಿಗೆ ಹೋಗಿ, ಮಾತ್ರೆಯಿದ್ದಷ್ಟು ದಿನ ಅದನ್ನು ನುಂಗುವವರೆಗೆ ಎದುರಿಗೆ ಕೂತು, ಊಟ ಮಾಡಿ ಬರುತ್ತಿದ್ದಳು. ಬಾಕಿ ಚುಕ್ಕಿಯ ಹೆಸರಿನಲ್ಲಿ ಹಳೆಯ ಊಟ ಮತ್ತೆ ಗಟ್ಟಿಯಾಯಿತು ಎಂದು ನೀಲು ರೇಗಿಸುವಳು. ಉಳಿದ ಇಪ್ಪತ್ತೊಂಬತ್ತು ಕೈಗಳಿಗೂ ಒಂದೊಂದಾಗಿ ಎರಡನೆಯ ಸಲ ಚುಕ್ಕಿ ಬಿದ್ದು, ನಿಂತಿತು.

ಕೊನೆಯ ಕೈಗೆ ಸೂಜಿ ಹಿಡಿದ ದಿನ ಈರಕ್ಕನಿಗೆ ಆ ಖಾಲಿ ಜಾಗ ಮಸುಕಾಗಿ ಕಂಡಿತು. ವಯಸ್ಸೋ ಏನೋ. ನೀಲು ಹಿಂದಿನಿಂದ ಅಜ್ಜಿಯ ಮಣಿಕಟ್ಟನ್ನು ಹಿಡಿದುಕೊಂಡಳು. ಹಾಡಬೇಕಾದವಳಿಗೆ ಉಸಿರು ಸಾಲಲಿಲ್ಲ. ಆಗ ಸಾವಂತ್ರಿಯೇ, ಚುಚ್ಚಿಸಿಕೊಳ್ಳುವವಳೇ, ತನ್ನ ಸಾಲನ್ನು ಮೆಲ್ಲಗೆ ಹಾಡಿದಳು. ಗೌರವ್ವ ಮುಂದೆ, ಸಾವಂತ್ರಿ ಹಿಂದೆ. ಸೂಜಿ ಒಳಹೊಕ್ಕು ಹೊರಬಂತು. ಈರಕ್ಕ ಅದನ್ನು ಬಿಳಿ ಡಬ್ಬಕ್ಕೆ ಹಾಕಿದಳು. ಆಮೇಲೆ ಸೊಂಟದಿಂದ ತಗಡಿನ ಡಬ್ಬಿ ತೆಗೆದು, ನೂಲು ಸುತ್ತಿದ ಆ ಮೂರು ಸೂಜಿಗಳನ್ನೂ ಅದೇ ಬಿಳಿ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು.

ಒಂಬತ್ತು ದಿನ ಅವಳು ಅರಸೀಕೆರೆಗೆ ಹೋಗಲಿಲ್ಲ, ಸಾವಂತ್ರಿಯ ಮನೆಯಲ್ಲೇ ಉಳಿದಳು. ಒಂಬತ್ತನೆಯ ಬೆಳಿಗ್ಗೆ ನೀಲು ರಕ್ತದ ವರದಿ ಹಿಡಿದು ಬಂದಾಗ ಇಬ್ಬರೂ ಹಿತ್ತಿಲ ಬಿಸಿಲಲ್ಲಿ ಕೂತಿದ್ದರು. ವೈರಸ್ ಇಲ್ಲ ಎಂದು ನೀಲು ಓದಿ ಹೇಳಿದಳು. ಈರಕ್ಕ ಆ ಕಾಗದದ ಕಡೆ ನೋಡಲೂ ಇಲ್ಲ. ಸಾವಂತ್ರಿಯ ಮುಂಗೈಗೆ ನೀರು ಹಾಕಿ, ಅರಿಶಿನ ಹಚ್ಚಿ, ತೊಳೆದು, ಸೆರಗಿನಿಂದ ಒತ್ತಿ ಒರೆಸಿ, ಕಣ್ಣಿನ ಹತ್ತಿರ ತಂದುಕೊಂಡಳು. ತೊಟ್ಟಿಲಿನ ಸುತ್ತ ಬೆರಳಿಟ್ಟು, ಮಗುವಿಗೆ ಎಣಿಕೆ ಕಲಿಸುವವಳಂತೆ ಒಂದೊಂದಾಗಿ ಎಣಿಸಿದಳು. ಎಂಟರ ಮೇಲೆ ಒಂದು ಗಳಿಗೆ ಬೆರಳು ನಿಂತಿತು. ಆಮೇಲೆ ಮುಂದಕ್ಕೆ ಸರಿಯಿತು.

"ಒಂಬತ್ತು" ಎಂದಳು. "ಹಿಡೀತು ಕಣವ್ವ."